ಭಕ್ಷ್ಯಾಭಕ್ಷ್ಯವೂ ಪಂಕ್ತಿಯೂ

ಕಳೆದ ಕ್ರಿಸ್ಮಸ್ ಹಬ್ಬವಾಗಿ ನಾಲ್ಕೈದು ದಿನಗಳಾಗಿದ್ದುವು. ನನ್ನ ಸ್ನೇಹಿತರೊಬ್ಬರು ಬೆಳಗಿನ ಹೊತ್ತಿನಲ್ಲಿಯೇ ಬಾಗಲಗುಂಟೆಯ ನಮ್ಮ ಮನೆಗೆ ಬಂದು, ಜಗಲಿಯ ಮೇಲೆ ಕುಳಿತು, ಬಹಳ ಹೊತ್ತು ಮಾತಾಡಲಿಲ್ಲ. ಅವರು ಮಂಗಳೂರು ಕಡೆಯ ಕಥೋಲಿಕ ಕ್ರೈಸ್ತರು. ನಾನು ಸಂಸ್ಕೃತ ಹೇಳಿಕೊಡುತ್ತಿದ್ದ ಶಾಲೆಯಲ್ಲಿಯೇ ಇಪ್ಪತ್ತೇಳು ವರ್ಷ ಗಣಿತವನ್ನು ಹೇಳಿಕೊಟ್ಟವರು. ಕೊನೆಗೆ ವಿಷಯ ಹೊರಬಿದ್ದಿತು. ಕಾಲೇಜಿನಲ್ಲಿ ಓದುತ್ತಿರುವ ಅವರ ಮೊಮ್ಮಗನು ಬೈಬಲಿನ ಯಾಜಕಕಾಂಡವನ್ನು ಓದಿ, ಹಂದಿಯ ಮಾಂಸವು ದೇವರೇ ನಿಷೇಧಿಸಿದ ವಸ್ತುವೆಂದು ನಿಶ್ಚಯಿಸಿಕೊಂಡಿದ್ದಾನೆ. ತಿನ್ನದಿದ್ದರೆ ಹೋಗಲಿ, ಅದನ್ನು ಬಡಿಸಿದ ಮೇಜಿನಲ್ಲಿಯೇ ಕುಳಿತುಕೊಳ್ಳಲಾರೆನೆಂದು ತನ್ನ ತಟ್ಟೆಯನ್ನು ತೆಗೆದುಕೊಂಡು ಹಬ್ಬದ ದಿನ ಒಳಕೋಣೆಗೆ ಹೊರಟುಹೋದನಂತೆ. ಅವನ ಅಜ್ಜಿ ಆ ಹೊತ್ತು ಊಟಮಾಡಲಿಲ್ಲವಂತೆ.

"ಶಾಸ್ತ್ರಿಗಳೇ, ಭಕ್ಷ್ಯ ಅಭಕ್ಷ್ಯ ಎಂಬ ಮಾತು ನಿಮ್ಮ ಮನೆಯದು. ಎರಡು ಸಾವಿರ ವರ್ಷ ಅದರೊಡನೆ ಬಾಳಿದವರು ನೀವು. ಆ ಹುಡುಗನಿಗೆ ನಾನು ಏನು ಹೇಳಲಿ?" ಎಂದರು.

ನಾನು ಉತ್ತರಕ್ಕೆ ಅವಧಿಯನ್ನು ಬೇಡಿದೆ. ನನ್ನ ನಿವೃತ್ತಿಯ ದಿನ ಅವರೇ ಕೊಟ್ಟಿದ್ದ ಕನ್ನಡ ಬೈಬಲು ಕಪಾಟಿನಲ್ಲಿತ್ತು. ಅದನ್ನೂ ಮನುಸ್ಮೃತಿಯ ಐದನೆಯ ಅಧ್ಯಾಯವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಕೆಲವು ದಿನ ಓದಿದೆನು. ಓದಿ ಬೆರಗಾದೆನೆಂದೇ ಹೇಳಬೇಕು.

ಯಾಜಕಕಾಂಡದ ಹನ್ನೊಂದನೆಯ ಅಧ್ಯಾಯವು ನೆಲದ ಪ್ರಾಣಿಗಳಲ್ಲಿ ಗೊರಸು ಸೀಳಿದ್ದು ಮೆಲುಕುಹಾಕುವಂಥದನ್ನು ಮಾತ್ರ ಭಕ್ಷ್ಯವೆನ್ನುತ್ತದೆ. ಒಂಟೆ ಮೆಲುಕುಹಾಕುತ್ತದಾದರೂ ಗೊರಸಿನ ಲಕ್ಷಣವಿಲ್ಲದ್ದರಿಂದ ವರ್ಜ್ಯ. ಹಂದಿಗೆ ಗೊರಸು ಸೀಳಿದ್ದರೂ ಮೆಲುಕಿಲ್ಲ, ಆದ್ದರಿಂದ ವರ್ಜ್ಯ. ಮೀನಿಗೆ ರೆಕ್ಕೆಯೂ ಪೊರೆಯೂ ಇರಬೇಕು. ಮನುವಾದರೋ ಒಂದೇ ಗೊರಸಿನ ಪ್ರಾಣಿಗಳನ್ನು ಬಿಡುತ್ತಾನೆ. ಒಂದು ಸಾಲಿನಲ್ಲಿ ಮಾತ್ರ ಹಲ್ಲುಳ್ಳವುಗಳನ್ನು, ಎಂದರೆ ಹೆಚ್ಚುಕಡಮೆ ಮೆಲುಕುಹಾಕುವ ಜಾತಿಯನ್ನೇ, ಒಪ್ಪುತ್ತಾನೆ. ಒಪ್ಪುವಾಗ ಒಂಟೆಯೊಂದನ್ನು ಹೆಸರಿಟ್ಟು ಹೊರಗಿಡುತ್ತಾನೆ. ಮೀನುಗಳಲ್ಲಿ ಪೊರೆಯುಳ್ಳವು ಅವನಿಗೂ ಸಮ್ಮತ. ಊರಹಂದಿಯನ್ನು ತಿಳಿದು ತಿಂದ ದ್ವಿಜನು ಪತಿತನೆನ್ನುತ್ತಾನೆ. ಮೊಲದ ವಿಷಯದಲ್ಲಿ ಮಾತ್ರ ಇಬ್ಬರಿಗೂ ಹೊಂದಿಕೆಯಿಲ್ಲ: ಮೋಶೆಗೆ ಅದು ಅಶುದ್ಧ, ಮನುವಿಗೆ ಪಂಚನಖಗಳಲ್ಲಿ ಭಕ್ಷ್ಯವಾದುವುಗಳಲ್ಲೊಂದು. ಸಮುದ್ರಗಳಾಚೆಯ ಎರಡು ಜನಾಂಗಗಳು ಒಂದೇ ಬಗೆಯ ಕಣ್ಣಿನಿಂದ ಪ್ರಾಣಿಗಳ ಕಾಲನ್ನೂ ಹಲ್ಲನ್ನೂ ನೋಡಿ ವಿಂಗಡಿಸಿದುವೆಂಬುದು ಸಣ್ಣ ಸಂಗತಿಯಲ್ಲ.

ಇದಕ್ಕೆ ಕಾರಣವೇನು? ಆರೋಗ್ಯವೆಂದು ಹೇಳುವವರುಂಟು. ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತನಾದ ಮೈಮೊನಿಡೀಸನು ವೈದ್ಯನೂ ಆಗಿದ್ದುದರಿಂದ ಆ ದಾರಿಯನ್ನು ಹಿಡಿದನು. ನಮ್ಮಲ್ಲಿಯೂ ಈರುಳ್ಳಿ ಬೆಳ್ಳುಳ್ಳಿಗಳ ನಿಷೇಧಕ್ಕೆ ಈಗೀಗ ರಸಾಯನಶಾಸ್ತ್ರದ ಸಮರ್ಥನೆ ಹುಡುಕುವವರಿದ್ದಾರೆ. ನನಗೆ ಈ ಜಾಣತನ ಹಿಡಿಸದು. ದೃಷ್ಟಫಲವು ಇರುವಾಗ ಅದೃಷ್ಟವನ್ನು ಕಲ್ಪಿಸಬಾರದೆಂದು ಮೀಮಾಂಸಕರು ಹೇಳುವುದು ನಿಜ. ಆದರೆ ಗ್ರಂಥವು ತಾನೇ ತನ್ನ ಪ್ರಯೋಜನವನ್ನು ಹೇಳಿರುವಾಗ ನಾವು ಬೇರೊಂದನ್ನು ತರುವುದು ಇನ್ನೂ ದೊಡ್ಡ ತಪ್ಪು. ಯಾಜಕಕಾಂಡವು ಇಪ್ಪತ್ತನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿದೆ: ದೇವರು ಇಸ್ರಾಯೇಲ್ಯರನ್ನು ಇತರ ಜನಾಂಗಗಳಿಂದ ಬೇರ್ಪಡಿಸಿದ್ದಾನೆ, ಆದಕಾರಣ ಅವರು ಶುದ್ಧಪಶುವನ್ನು ಅಶುದ್ಧಪಶುವಿನಿಂದ ಬೇರ್ಪಡಿಸಬೇಕು. ತಟ್ಟೆಯಲ್ಲಿ ನಡೆಯುವ ವಿಂಗಡಣೆಯು ಜನಗಳಲ್ಲಿ ನಡೆದ ವಿಂಗಡಣೆಯ ಪ್ರತಿಬಿಂಬ. ಚಿಕ್ಕದೊಂದು ಜನಾಂಗವು ದೊಡ್ಡ ಸಾಮ್ರಾಜ್ಯಗಳ ನಡುವೆ ಕರಗಿಹೋಗದೆ ಉಳಿದದ್ದು ಇದರಿಂದ. ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ ಎಲೆಯಾಜಾರನೆಂಬ ವೃದ್ಧ ಶಾಸ್ತ್ರಿಯ ಕಥೆಯಿದೆ. ಹಂದಿಯ ಮಾಂಸವನ್ನು ತಿನ್ನೆಂದು ಬಲಾತ್ಕರಿಸಿದರು. ಗೆಳೆಯರು ಬೇರೆ ಮಾಂಸವನ್ನು ಗುಟ್ಟಾಗಿ ತಂದುಕೊಟ್ಟು, ತಿಂದಂತೆ ನಟಿಸಿ ಜೀವ ಉಳಿಸಿಕೊಳ್ಳೆಂದರು. ಎಳೆಯರು ತನ್ನನ್ನು ನೋಡಿ ದಾರಿತಪ್ಪಿಯಾರೆಂದು ಆ ತೊಂಬತ್ತರ ಮುದುಕನು ನಟಿಸಲೊಪ್ಪದೆ ಪ್ರಾಣಬಿಟ್ಟನು. ಇಂಥ ವಿಧಿಯನ್ನು ಹಗುರವಾಗಿ ನಗೆಯಾಡುವವರು ಮೊದಲು ಈ ಕಥೆಯನ್ನು ಓದಬೇಕು.

ಹಾಗಾದರೆ ಕ್ರೈಸ್ತರು ಅದನ್ನು ಬಿಟ್ಟುದು ಹೇಗೆ? ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಏಸುವು, ಹೊರಗಿನಿಂದ ಹೊಟ್ಟೆಗೆ ಹೋಗುವುದು ಮನುಷ್ಯನನ್ನು ಕೆಡಿಸದು, ಹೃದಯದಿಂದ ಹೊರಡುವುದೇ ಕೆಡಿಸುವುದು ಎಂಬ ಅಭಿಪ್ರಾಯವನ್ನು ಹೇಳಿದನು. ಇದನ್ನು ಓದುವಾಗ ಪಾಠಶಾಲೆಯ ಬೆಂಚು ನನ್ನ ಕಣ್ಣಮುಂದೆ ಬಂದಿತು. ಆಹಾರವು ಶುದ್ಧವಾದರೆ ಸತ್ತ್ವವು ಶುದ್ಧವಾಗುವುದೆಂದು ಛಾಂದೋಗ್ಯವು ಹೇಳುವ ಸ್ಥಳದಲ್ಲಿ ಶಂಕರರು, ಆಹಾರವೆಂದರೆ ಇಂದ್ರಿಯಗಳು ಒಳಕ್ಕೆ ತಂದುಕೊಳ್ಳುವ ಶಬ್ದಾದಿ ವಿಷಯಗಳು, ರಾಗದ್ವೇಷಮೋಹಗಳಿಲ್ಲದೆ ಅವನ್ನು ಗ್ರಹಿಸುವುದೇ ಆಹಾರಶುದ್ಧಿ ಎಂದು ಭಾಷ್ಯಮಾಡಿದರು. ರಾಮಾನುಜರ ಸಂಪ್ರದಾಯವು ಅನ್ನವನ್ನು ಅನ್ನವೆಂದೇ ಹಿಡಿದು, ಅದಕ್ಕೆ ಬರುವ ದೋಷಗಳನ್ನು ಜಾತಿ, ಆಶ್ರಯ, ನಿಮಿತ್ತಗಳೆಂದು ಮೂರಾಗಿ ಹೇಳಿತು: ವಸ್ತುವಿನ ಸ್ವಭಾವದಿಂದ ಬರುವುದೊಂದು, ಕೊಟ್ಟವನಿಂದ ಬರುವುದೊಂದು, ಕೂದಲು ಕೊಳೆ ಬಿದ್ದು ಬರುವುದೊಂದು. ನಮ್ಮ ಸಮಾಜದಲ್ಲಿ ಆದದ್ದೇನೆಂದರೆ, ನಡುವಣ ಆಶ್ರಯದೋಷವು ಉಳಿದೆರಡನ್ನೂ ನುಂಗಿ ಬೆಳೆಯಿತು. ಏನನ್ನು ತಿಂದೆ ಎಂಬುದಕ್ಕಿಂತ ಯಾರ ಕೈಯಿಂದ ತಿಂದೆ, ಯಾರ ಪಕ್ಕದಲ್ಲಿ ಕುಳಿತು ತಿಂದೆ ಎಂಬುದೇ ದೊಡ್ಡದಾಯಿತು. ಸ್ವತಃ ರಾಮಾನುಜರು ಕಾಂಚೀಪೂರ್ಣರೆಂಬ ಅಬ್ರಾಹ್ಮಣ ಭಕ್ತರ ಉಚ್ಛಿಷ್ಟವನ್ನು ಪ್ರಸಾದವೆಂದು ಬಯಸಿದ ಕಥೆ ಗುರುಪರಂಪರೆಯಲ್ಲಿಯೇ ಇದೆ. ಆದರೆ ಕಥೆಯನ್ನು ಕೇಳಿ ಕಣ್ಣೀರಿಟ್ಟವರು ಎದ್ದು ಹೋಗಿ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತರು.

ಬೈಬಲಿನಲ್ಲಿಯೂ ಗಂಟು ಇರುವುದು ಇಲ್ಲಿಯೇ. ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ ಪೇತ್ರನು ಯೊಪ್ಪ ಪಟ್ಟಣದಲ್ಲಿ ಮಾಳಿಗೆಯ ಮೇಲೆ ಪ್ರಾರ್ಥಿಸುತ್ತಿರುವಾಗ, ಸಕಲ ಪಶುಪಕ್ಷಿಗಳನ್ನು ಹೊತ್ತ ಜೋಳಿಗೆಯೊಂದು ಆಕಾಶದಿಂದ ಇಳಿಯುತ್ತದೆ. ಕೊಂದು ತಿನ್ನೆಂದು ಅಶರೀರವಾಣಿಯಾಗುತ್ತದೆ. ಅವನು ಒಲ್ಲೆನೆನ್ನುತ್ತಾನೆ. ಅವನ ನಿರಾಕರಣೆಯಲ್ಲಿ ಹಳೆಯ ಕನ್ನಡ ಅನುವಾದವು ಬಳಸಿರುವ ಮಾತು "ಹೊಲೆ" ಎಂಬುದು. ಬೇರೆ ಭಾಷೆಯ ಓದುಗನಿಗೆ ಇದು ಬರಿಯ ಅಶುದ್ಧಿ. ಕನ್ನಡಿಗನ ಕಿವಿಗೆ ಹಾಗಲ್ಲ. ಆ ಮಾತನ್ನು ನಾವು ಮನುಷ್ಯರಿಗೆ ಹೆಸರಾಗಿ ಇಟ್ಟಿದ್ದೆವು. ಅನುವಾದಕರು ಇದನ್ನು ಎಣಿಸಿದ್ದರೋ ಇಲ್ಲವೋ, ಮೂಲದ ಅರ್ಥವು ಆ ಮಾತಿನಲ್ಲಿ ಪೂರ್ತಿಯಾಗಿ ಇಳಿದಿದೆ. ಏಕೆಂದರೆ ಪೇತ್ರನು ಆ ದರ್ಶನದಿಂದ ತೆಗೆದ ನಿರ್ಣಯವು ಮಾಂಸದ ವಿಷಯವಲ್ಲ. ಅನ್ಯಜನಾಂಗದವನಾದ ಕೊರ್ನೇಲ್ಯನೆಂಬ ಸೈನ್ಯಾಧಿಕಾರಿಯ ಮನೆಗೆ ಹೋಗಿ, ಯಾವ ಮನುಷ್ಯನನ್ನೂ ಹೊಲೆಯೆನ್ನಬಾರದೆಂದು ದೇವರು ತನಗೆ ತೋರಿಸಿದನೆಂದು ಹೇಳುತ್ತಾನೆ. ಇನ್ನೊಂದು ವಿವರವನ್ನು ನಮ್ಮ ದೇಶದವನು ಮರೆಯುವಂತಿಲ್ಲ: ಆಗ ಪೇತ್ರನು ಇಳಿದುಕೊಂಡಿದ್ದುದು ಸೀಮೋನನೆಂಬ ಚರ್ಮ ಹದಮಾಡುವವನ ಮನೆಯಲ್ಲಿ.

ಆದರೂ ಅಭ್ಯಾಸವು ದರ್ಶನಕ್ಕಿಂತ ಬಲಿಷ್ಠ. ಇದೇ ಪೇತ್ರನು ಮುಂದೆ ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಊಟಮಾಡುತ್ತಿದ್ದವನು, ಯೆರೂಸಲೇಮಿನಿಂದ ಆಚಾರವಂತರು ಬಂದೊಡನೆ ಅಂಜಿ ಬೇರೆ ಕುಳಿತನು. ಪೌಲನು ಎಲ್ಲರೆದುರಿಗೆ ಅವನನ್ನು ಖಂಡಿಸಿದನು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದಿದೆ. ನನಗೆ ಆ ದೊಡ್ಡ ಪುಸ್ತಕದಲ್ಲೆಲ್ಲ ಅತ್ಯಂತ ಆತ್ಮೀಯವಾಗಿ ಕಂಡ ಪಾತ್ರ ಈ ಅಂಜಿದ ಪೇತ್ರನೇ.

ನಮ್ಮ ನಾಡಿನ ಕ್ರೈಸ್ತರ ಚರಿತ್ರೆಯಲ್ಲಿಯೂ ಊಟದ ಪ್ರಶ್ನೆ ಎಂದಿಗೂ ಬರಿಯ ಊಟದ್ದಾಗಿರಲಿಲ್ಲ. 1606ರಲ್ಲಿ ಮಧುರೆಗೆ ಬಂದ ರಾಬರ್ಟೊ ದೆ ನೊಬಿಲಿಯು ಮಾಂಸಮದ್ಯಗಳನ್ನು ಬಿಟ್ಟು ಸಂನ್ಯಾಸಿಯಂತೆ ಬಾಳಿದನು. ಅದೇ ಶತಮಾನದ ನಡುಗಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಾಮಿಯು ಅದೇ ಮಾರ್ಗವನ್ನನುಸರಿಸಿದನು. ಅವರ ತ್ಯಾಗ ದೊಡ್ಡದು, ಸಂದೇಹವಿಲ್ಲ. ಆದರೆ ಮೇಲುಜಾತಿಗಳಿಗೆ ಹತ್ತಿರವಾಗಲೆಂದು ಹಿಡಿದ ಆ ವ್ರತವು ಕೆಳಗಿನವರಿಂದ ದೂರಮಾಡಿತು. ಮಧುರೆಯಲ್ಲಿ ಅವರಿಗಾಗಿ ಬೇರೆ ಬಗೆಯ ಗುರುಗಳನ್ನೇ ಏರ್ಪಡಿಸಬೇಕಾಯಿತು. ಅತ್ತ ಗೋವೆಯಲ್ಲಿ ಇದಕ್ಕೆ ತಲೆಕೆಳಗು: 1736ರ ಧರ್ಮವಿಚಾರಣೆಯ ಆಜ್ಞೆಯು, ಹಿಂದೂಗಳಂತೆ ಉಪ್ಪಿಲ್ಲದೆ ಅನ್ನಮಾಡಿ ಆಮೇಲೆ ಉಪ್ಪು ಹಾಕಿಕೊಳ್ಳುವುದನ್ನು ಕೂಡ ಕ್ರೈಸ್ತರಿಗೆ ನಿಷೇಧಿಸಿತು. ಒಬ್ಬರು ಒಲೆಯ ಮೂಲಕ ಸೇರಲು ಹೊರಟರು, ಇನ್ನೊಬ್ಬರು ಒಲೆಯ ಮೂಲಕ ಬೇರ್ಪಡಿಸಲು. 1844ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯನ ದಾರಿ ಮೂರನೆಯದು. ಕೊಡಗಿನಲ್ಲಿ, ಹೊಲೆಯರೆಂದು ಕರೆಯಲ್ಪಡುತ್ತಿದ್ದು ಆಳುತನದಲ್ಲಿ ಸವೆದ ಕ್ರೈಸ್ತರಿಗೆ ನೆಲೆಯಾದ ಊರಿಗೆ ಅವನು ನೆರವಾದನು; ಆ ಊರಿಗೆ ಆನಂದಪುರವೆಂದು ಅವನ ಹೆಸರೇ ನಿಂತಿತು. ಪೇತ್ರನ ಜೋಳಿಗೆಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ದೊರೆಯಲಿಲ್ಲ.

ಇಷ್ಟನ್ನು ಹೊತ್ತು ಸ್ನೇಹಿತರ ಮನೆಗೆ ಹೋದೆನು. ಹುಡುಗನನ್ನು ಕೂರಿಸಿಕೊಂಡು ಹೇಳಿದೆ: ನಿನ್ನ ನಿಯಮವನ್ನು ನಾನು ತೆಗಳುವುದಿಲ್ಲ. ನಿನ್ನವರಲ್ಲಿಯೇ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರೂ ಇಥಿಯೋಪಿಯದ ಸಭೆಯವರೂ ಹಂದಿಯನ್ನು ಮುಟ್ಟರು. ಭೂಮಿಯ ಮೇಲೆ ಓಡಾಡುವುದೆಲ್ಲ ನನ್ನ ಬಾಯಿಗಲ್ಲ ಎಂಬ ಅರಿವು ಈ ವಿಧಿಗಳ ಹೊಟ್ಟೆಯಲ್ಲಿದೆ. ತಾಯಿಯ ಹಾಲಿನಲ್ಲಿ ಮರಿಯನ್ನು ಬೇಯಿಸಬೇಡವೆಂಬ ವಾಕ್ಯವನ್ನು ಓದಿ ನನಗೆ ರೋಮಾಂಚವಾಯಿತು. ಆದರೆ ಪೌಲನು ರೋಮಾಪುರದವರಿಗೆ ಬರೆದುದನ್ನೂ ನೋಡು: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು ಎಂಬುದು ಅವನ ಮತ. ತನ್ನ ಊಟದಿಂದ ಸಹೋದರನು ಎಡವುವುದಾದರೆ ಮಾಂಸವನ್ನೇ ಬಿಡುವೆನೆಂದವನೂ ಅವನೇ. ನೀನು ಬಿಡು, ಆದರೆ ಮೇಜನ್ನು ಬಿಡಬೇಡ. ಉಷಸ್ತಿ ಚಾಕ್ರಾಯಣನು ಬರಗಾಲದಲ್ಲಿ ಆನೆಯ ಮಾವಟಿಗನ ಎಂಜಲು ಹುರುಳಿಯನ್ನು ತಿಂದು, ಅವನ ನೀರನ್ನು ಮಾತ್ರ ಒಲ್ಲೆನೆಂದನು. ಹುರುಳಿಯಿಲ್ಲದೆ ಜೀವವಿರದು, ನೀರು ಬೇರೆಡೆಯೂ ಉಂಟು ಎಂದನು. ನಿಯಮವನ್ನು ಎಲ್ಲಿ ಸಡಿಲಿಸಬೇಕು, ಎಲ್ಲಿ ಬಿಗಿಹಿಡಿಯಬೇಕೆಂದು ಅರಿತವನು ಅವನು. ನಿನ್ನ ಅಜ್ಜಿಯ ಹಸಿವೂ ಒಂದು ಜೀವದ ಮಾತು.

ಹುಡುಗನು ವಿನಯದಿಂದಲೇ ಕೇಳಿದನು: "ಮೇಷ್ಟ್ರೇ, ಜೊತೆಯಲ್ಲಿ ಕೂರಬೇಕೆಂದು ಹೇಳುತ್ತೀರಿ. ತಾವು ನಮ್ಮ ಮನೆಯಲ್ಲಿ ಒಂದು ದಿನವಾದರೂ ಊಟಮಾಡಿದ್ದೀರಾ?"

ಸ್ನೇಹಿತರು ಅವನನ್ನು ಗದರಿಸಿದರು. ಗದರಿಸುವಂಥದೇನೂ ಇರಲಿಲ್ಲ. ಇಪ್ಪತ್ತೇಳು ವರ್ಷಗಳಲ್ಲಿ ಅವರು ನಮ್ಮ ಮನೆಯಲ್ಲಿ ಉಂಡ ಊಟಗಳಿಗೆ ಲೆಕ್ಕವಿಲ್ಲ. ನಾನು ಅವರಲ್ಲಿ ಬಾಳೆಯ ಹಣ್ಣು, ಎಳನೀರು ಇಷ್ಟನ್ನು ಮಾತ್ರ ಸ್ವೀಕರಿಸಿದ್ದೆನು. ಅವರು ಒಮ್ಮೆಯೂ ಅದನ್ನು ಆಡಿ ತೋರಿಸಿರಲಿಲ್ಲ. ಪಾತ್ರೆಯ ನೆಪವನ್ನೋ ವ್ರತದ ನೆಪವನ್ನೋ ನಾನು ಹೇಳಿದಾಗಲೆಲ್ಲ ನಂಬಿದಂತೆ ತೋರುತ್ತಿದ್ದರು. ಎಲೆಯಾಜಾರನು ನಟಿಸಲೊಪ್ಪಲಿಲ್ಲ; ನಾನು ನಟಿಸಿದ್ದೆನು.

ಸೆಪ್ಟೆಂಬರ್ 8ರಂದು ಅವರ ಮೊಂತಿ ಹಬ್ಬ. ಹೊಸ ತೆನೆಯನ್ನು ದೇವಾಲಯದಲ್ಲಿ ಹರಸಿ ಮನೆಗೆ ತಂದು, ಹೊಸಕ್ಕಿಯನ್ನು ಹಾಲಿನಲ್ಲಿ ಬೆರೆಸಿ ಹಂಚುತ್ತಾರೆ. ಹಂದಿಮಾಂಸವಿಲ್ಲದೆ ಹಬ್ಬವಿಲ್ಲವೆನ್ನುವ ಅದೇ ಜನ ಆ ದಿನ ಬಾಳೆಯೆಲೆಯಲ್ಲಿ ಬರಿಯ ತರಕಾರಿಯ ಊಟ ಮಾಡುತ್ತಾರೆ. ಯಾವ ಶಾಸ್ತ್ರವೂ ವಿಧಿಸಿದ್ದಲ್ಲ, ಗದ್ದೆಯ ಕೃತಜ್ಞತೆಯಷ್ಟೆ. ನಾನು ಹೋದೆನು, ಕುಳಿತೆನು, ಉಂಡೆನು. ಅಜ್ಜಿಯವರ ಕೈ ಬಡಿಸುವಾಗ ಸ್ವಲ್ಪ ನಡುಗುತ್ತಿತ್ತು, ನನ್ನದೂ ಹಾಗೆಯೇ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ, "ಆ ದಿನ ಅವರದು ಶಾಕಾಹಾರ. ನಿಮ್ಮ ಧೈರ್ಯವೂ ಅಷ್ಟಕ್ಕಷ್ಟೆ" ಎಂದಳು. ಮಾತು ಸರಿಯಾಗಿಯೇ ಇತ್ತು.

ಈ ಸಲ ಕ್ರಿಸ್ಮಸ್ಸಿಗೂ ಕರೆದಿದ್ದಾರೆ. ಹುಡುಗನು ಮೇಜಿಗೆ ಬರಲು ಒಪ್ಪಿದ್ದಾನೆ, ನಾನು ಬಂದರೆ ಎಂಬ ಷರತ್ತಿನ ಮೇಲೆ. ಅವನಿಗೂ ನನಗೂ ಅನ್ನ, ಸಾರು, ಸೌತೆಕಾಯಿಯ ಪಲ್ಯ. ಉಳಿದವರಿಗೆ ಅವರ ಹಬ್ಬದಡಿಗೆ, ಅದೇ ಮೇಜಿನ ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ. ಬರುತ್ತೇನೆಂದು ಹೇಳಿಕಳುಹಿಸಿದ್ದೇನೆ.