ಒಬ್ಬನೇ ನಿಂತವನ ಬಳಿಗೆ ಬಂದವರು

ಆಟಿಸಂ ಇರುವ ಮಗನೋ ಮಗಳೋ ಹದಿಹರೆಯಕ್ಕೆ ಬಂದರೆಂದರೆ ಮನೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಏಳುತ್ತದೆ: ನಾವು ಹೋದಮೇಲೆ ಇವರು ತಮ್ಮ ಕಾಲ ಮೇಲೆ ನಿಂತಾರೆಯೇ? ಹಾಸನದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಈ ಆತಂಕ ಬೇರೆಯಲ್ಲ. ಆದರೆ ಯಾರ ಹಂಗೂ ಇಲ್ಲದವನೇ ಸ್ವತಂತ್ರ ಎಂಬ ತೀರ್ಮಾನ ಆ ಮಾತಿನೊಳಗೆ ಮೊದಲೇ ಕೂತಿರುತ್ತದೆ. ಅದನ್ನು ಒರೆಗೆ ಹಚ್ಚಲು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವೇ ತಕ್ಕ ಜಾಗ. ಚಾವುಂಡರಾಯ 981ರಲ್ಲಿ ವಿಂಧ್ಯಗಿರಿಯ ಮೇಲೆ ನಿಲ್ಲಿಸಿದ, ಸುಮಾರು 57 ಅಡಿ ಎತ್ತರದ ಬಾಹುಬಲಿಗೆ ತೊಡೆಯಿಂದ ಮೇಲಕ್ಕೆ ಯಾವ ಆಸರೆಯೂ ಇಲ್ಲ. ಕಾಲ ಬಳಿ ಹುತ್ತ, ಹುತ್ತದಲ್ಲಿ ಹಾವು. ಕಾಲಿನಿಂದ ತೋಳಿನವರೆಗೆ ಹಬ್ಬಿದ ಬಳ್ಳಿ. ಒಬ್ಬನೇ ನಿಲ್ಲುವುದೆಂದರೆ ಏನೆಂದು ಕೇಳಿದವರಿಗೆ ತೋರಿಸಲು ಇದಕ್ಕಿಂತ ದೊಡ್ಡ ನಿದರ್ಶನ ಕನ್ನಡ ನೆಲದಲ್ಲಿಲ್ಲ. ಆದರೂ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ವರ್ಷವಿಡೀ ಕದಲದೆ ನಿಂತರೂ ಬಾಹುಬಲಿಗೆ ಕೇವಲಜ್ಞಾನ, ಅಂದರೆ ಪೂರ್ಣ ಅರಿವು, ಒದಗಲಿಲ್ಲ. ಒಳಗೊಂದು ಮುಳ್ಳು ಉಳಿದಿತ್ತು. ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಕೊರಗು ಎನ್ನುವವರಿದ್ದಾರೆ, ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಅಳಲು ಎನ್ನುವವರೂ ಇದ್ದಾರೆ. ಭರತನೇ ಬಂದು ಪೂಜಿಸಿದ ಮೇಲೆ ಅದು ಕಳಚಿತು. ಶ್ವೇತಾಂಬರ ಪರಂಪರೆಯಲ್ಲಾದರೆ ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಎಚ್ಚರಿಸುತ್ತಾರೆ. ಯಾವ ದಾರಿಯಲ್ಲಿ ಹೇಳಿದರೂ ಯಾರೋ ಒಬ್ಬರು ಬರಲೇಬೇಕಾಯಿತು.

ಮಾರ್ಕ್ ಹ್ಯಾಡನ್ 2003ರಲ್ಲಿ ಬರೆದ 'ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್' ಕಾದಂಬರಿಯನ್ನು ಈ ಕಥೆಯ ಪಕ್ಕದಲ್ಲಿಟ್ಟು ಓದಬಹುದು. ಆಟಿಸಂ ಲಕ್ಷಣಗಳಿರುವ ಹದಿನೈದರ ಕ್ರಿಸ್ಟೋಫರ್ ಸ್ವಿಂಡನ್‌ನಿಂದ ಲಂಡನ್ನಿಗೆ ಒಬ್ಬನೇ ರೈಲಿನಲ್ಲಿ ಹೋಗುತ್ತಾನೆ. ಜನಜಂಗುಳಿ, ಸದ್ದು, ಫಲಕಗಳು ತಲೆಯೊಳಗೆ ನುಗ್ಗಿದಾಗ ನೆಲದ ಮೇಲೊಂದು ಕೆಂಪು ಗೆರೆ ಎಳೆದಿದೆಯೆಂದು ಕಲ್ಪಿಸಿಕೊಂಡು, ಎಡ ಬಲ ಎನ್ನುತ್ತಾ ಹೆಜ್ಜೆಯಿಡುತ್ತಾನೆ. ತಾನೊಬ್ಬನೇ ಹೋಗಿಬಂದೆ, ಇನ್ನು ಏನು ಬೇಕಾದರೂ ಮಾಡಬಲ್ಲೆ ಎಂಬುದು ಕೊನೆಗೆ ಅವನ ಹೆಮ್ಮೆ. ಆ ಹೆಮ್ಮೆ ಸುಳ್ಳಲ್ಲ. ಆದರೂ ಹಣ ತೆಗೆಯಲು, ಟಿಕೆಟ್ ಕೊಳ್ಳಲು ದಾರಿ ತೋರಿದವನು ಒಬ್ಬ ಪೊಲೀಸ್. ಹೋಗಬೇಕೆಂದು ನಿರ್ಧರಿಸಿದವನು ಮಾತ್ರ ಕ್ರಿಸ್ಟೋಫರ್. ನನ್ನ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ: ಸ್ವಾತಂತ್ರ್ಯವನ್ನು ಅಳೆಯಬೇಕಾದದ್ದು ನೆರವು ಎಷ್ಟು ಕಡಿಮೆಯಾಯಿತು ಎಂಬುದರಿಂದಲ್ಲ, ಬದುಕಿನ ತೀರ್ಮಾನ ಯಾರ ಕೈಯಲ್ಲಿದೆ ಎಂಬುದರಿಂದ.

ಜೈನ ತತ್ವ ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ. ಜೀವ ತನ್ನ ಕರ್ಮವನ್ನು ತಾನೇ ಕಳೆದುಕೊಳ್ಳಬೇಕು, ಮುಕ್ತಿಯನ್ನು ಯಾರೂ ಯಾರಿಗೂ ಕೊಡಲಾರರು ಎಂದಾರು. ಸರಿಯೇ. ಭರತ ಮುಕ್ತಿ ಕೊಡಲಿಲ್ಲ, ತಮ್ಮನ ಬದಲಿಗೆ ತಪಸ್ಸಿಗೂ ನಿಲ್ಲಲಿಲ್ಲ. ಅಡ್ಡವಾಗಿದ್ದುದು ಸರಿಯಲು ಕಾರಣನಾದ, ಅಷ್ಟೇ. ಅಡ್ಡಿ ಸರಿಸುವ ನೆರವೇ ಬೇರೆ, ಇನ್ನೊಬ್ಬರ ಬಾಳನ್ನು ತಾನೇ ಬಾಳಿಬಿಡುವ ನೆರವೇ ಬೇರೆ. ಹೊಳೆನರಸೀಪುರದಿಂದ ಹಾಸನದ ಬಸ್ಸು ಹತ್ತುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ: ಹಾರನ್ನಿನ ಸದ್ದು ತಡೆಯಲಾಗದೆ ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಇಳಿಯುವ ಊರು ಬರೆದ ಚೀಟಿ. ಕಂಡಕ್ಟರ್ ಚೀಟಿ ಓದಿ ಟಿಕೆಟ್ ಹರಿದುಕೊಟ್ಟರೆ ಹುಡುಗ ಪರಾವಲಂಬಿಯಾಗುವುದಿಲ್ಲ. ಬಸ್ಸೇ ಬೇಡ ಎಂದು ಮನೆಯವರು ಬಾಗಿಲಿಗೆ ಚಿಲಕ ಹಾಕಿದರೆ ಆಗುತ್ತಾನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕ್ರಿಸ್ಟೋಫರ್‌ಗೆ ಮಾತು ಬರುತ್ತದೆ, ಗಣಿತದಲ್ಲಿ ಜಾಣ. ಮಾತೇ ಬಾರದ, ಜೀವಮಾನವಿಡೀ ಊಟ ಸ್ನಾನಕ್ಕೂ ಜೊತೆ ಬೇಕಾದವರ ಗತಿ? ಕಾದಂಬರಿ ಇಲ್ಲಿ ಸೋಲುತ್ತದೆ ಎಂದೇ ನನ್ನ ಎಣಿಕೆ. ಬೆಳೆಯುವುದೆಂದರೆ ಪರೀಕ್ಷೆ ಪಾಸಾಗಿ ಒಬ್ಬನೇ ಊರು ಸುತ್ತುವುದು ಎಂಬಲ್ಲಿಗೆ ಅದು ತಲುಪುತ್ತದೆ. ತೀರ್ಮಾನವೇ ಅಳತೆಯಾದರೆ ಮಾತಿಲ್ಲದವರೂ ಹೊರಗುಳಿಯುವುದಿಲ್ಲ. ತಟ್ಟೆ ದೂರ ತಳ್ಳುವ ಕೈ, ಒಂದು ಅಂಗಿ ಬಿಟ್ಟು ಇನ್ನೊಂದನ್ನು ಹಿಡಿಯುವ ಕೈ ಆಯ್ಕೆಯನ್ನೇ ಹೇಳುತ್ತಿರುತ್ತದೆ, ಗಮನಿಸುವವರಿದ್ದರೆ. ಆಟಿಸಮ್ಮನ್ನೂ ಪಟ್ಟಿಗೆ ಸೇರಿಸಿಕೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಸೀಮಿತ ಪೋಷಕತ್ವವೆಂದರೆ ಪೋಷಕರೂ ಆ ವ್ಯಕ್ತಿಯೂ ಕೂಡಿ ತೀರ್ಮಾನಿಸುವುದು ಎಂದೇ ಹೇಳುತ್ತದೆ. ಮಗನಿಗೆ 18 ತುಂಬಿತೆಂದು ಪೋಷಕತ್ವದ ಅರ್ಜಿಗೆ ಸಹಿ ಹಾಕುವ ಮೊದಲು ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಮಾತಿನಲ್ಲಾಗದಿದ್ದರೆ ಫೋಟೊ ತೋರಿಸಿಯಾದರೂ ಕೇಳಬೇಕು: ಯಾರ ಜೊತೆ ಇರುತ್ತೀಯ, ಯಾರ ಮನೆ ಬೇಡ?