ದುಡಿದಿಟ್ಟ ಪಿಂಚಣಿ ಮತ್ತು ಕಳೆಯುವ ಲೆಕ್ಕ

ಕ್ರಿಸ್ತಪೂರ್ವ 400ರ ಆಸುಪಾಸಿನಲ್ಲಿ, ಅಥೆನ್ಸ್ ನಗರದ ಐನೂರು ಸದಸ್ಯರ ಮಂಡಳಿಯ ಮುಂದೆ ಒಬ್ಬ ಬಡ ಕಸುಬುದಾರ ಎರಡು ಊರುಗೋಲು ಹಿಡಿದು ಬಂದು ನಿಂತ. ನಗರ ಅವನಿಗೆ ದಿನಕ್ಕೆ ಒಂದು ಒಬೊಲ್ ನಾಣ್ಯ ಕೊಡುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಯಾರೋ ದೂರು ಕೊಟ್ಟಿದ್ದರು. ಇವನಿಗೆ ಅಂಗಡಿ ಇದೆ, ಉಳ್ಳವರ ಒಡನಾಟ ಇದೆ, ಕುದುರೆ ಏರಿ ಓಡಾಡುತ್ತಾನೆ, ಅಂದಮೇಲೆ ಅಶಕ್ತನೂ ಅಲ್ಲ, ಬಡವನೂ ಅಲ್ಲ ಎಂಬುದು ದೂರಿನ ಸಾರ. ಅಂಗಡಿಯ ಗಳಿಕೆ ಹೊಟ್ಟೆಗೆ ಸಾಲದು, ಕೈಯಲ್ಲಿ ಕಾಸಿದ್ದರೆ ಸ್ವಂತಕ್ಕೊಂದು ಹೇಸರಗತ್ತೆ ಇಟ್ಟುಕೊಳ್ಳುತ್ತಿದ್ದೆನೇ ಹೊರತು ಕಂಡವರ ಕುದುರೆ ಬೇಡುತ್ತಿರಲಿಲ್ಲ ಎಂದು ಅವನು ಉತ್ತರಿಸಿದ. ಉಳಿದವರು ಒಂದು ಕೋಲು ಹಿಡಿದರೆ ನಾನು ಎರಡು ಹಿಡಿಯುತ್ತೇನೆ, ಇದನ್ನೂ ನನ್ನ ಶಕ್ತಿಗೆ ಸಾಕ್ಷಿ ಎನ್ನುತ್ತೀರಾ ಎಂದು ಕೇಳಿದ. ಭಾಷಣಕಾರ ಲೈಸಿಯಸ್‌ನ ಹೆಸರಿನಲ್ಲಿ ಉಳಿದು ಬಂದಿರುವ 24ನೇ ಭಾಷಣ ಇದು. ಮಂಡಳಿ ಏನು ತೀರ್ಪು ಕೊಟ್ಟಿತೆಂಬ ದಾಖಲೆ ಉಳಿದಿಲ್ಲ.

ಈ ನೆರವಿನ ಕಾನೂನಿನ ವಿವರ ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸ್ ಸಂವಿಧಾನದ ಗ್ರಂಥದಲ್ಲಿದೆ. ದುಡಿಯಲಾರದಷ್ಟು ದೇಹ ಕುಂದಿರಬೇಕು, ಜೊತೆಗೆ ಆಸ್ತಿ, ಅಂದಿನ ಹಣದ ಅಳತೆಯಲ್ಲಿ, ಮೂರು ಮಿನಾಕ್ಕಿಂತ ಕಡಿಮೆ ಇರಬೇಕು. ಆ ಗ್ರಂಥದ ಹೊತ್ತಿಗೆ ಅಂಥವರಿಗೆ ದಿನಕ್ಕೆ ಎರಡು ಒಬೊಲ್ ಸಿಗುತ್ತಿತ್ತು. ಕಾನೂನು ದೇಹವನ್ನೂ ನೋಡುತ್ತಿತ್ತು, ಗಂಟನ್ನೂ ಎಣಿಸುತ್ತಿತ್ತು. ಹಾಗಾದರೆ ನಗರ ಕೊಡುತ್ತಿದ್ದ ಹಣ ಕುಂದಿದ ದೇಹಕ್ಕೋ, ಬರಿದಾದ ಕೈಗೋ? ಈ ಪ್ರಶ್ನೆ ಇಂದಿನ ಬ್ರಿಟನ್ನಿನಲ್ಲಿ ಸಾವಿರಾರು ಮನೆಗಳ ವಾರದ ಖರ್ಚಿನ ಲೆಕ್ಕದಲ್ಲಿ ಕೂತಿದೆ.

ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದ ನರ್ಸ್ ಒಬ್ಬರನ್ನು ಊಹಿಸಿಕೊಳ್ಳೋಣ. ಬೆನ್ನುಹುರಿಯ ಕಾಯಿಲೆಯಿಂದ ನಿಲ್ಲುವುದು ಕಷ್ಟವಾಗಿ, ಅನಾರೋಗ್ಯದ ಕಾರಣಕ್ಕೆ ಅವರು ಅವಧಿಗೆ ಮುನ್ನವೇ ನಿವೃತ್ತರಾಗುತ್ತಾರೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಪಿಂಚಣಿ ಯೋಜನೆಯಲ್ಲಿ ಇದಕ್ಕೆ ಎರಡು ಹಂತಗಳಿವೆ. ತನ್ನ ಕೆಲಸವನ್ನು ಮುಂದೆಂದೂ ಮಾಡಲಾರದವರಿಗೆ ಮೊದಲನೆಯದು. ಯಾವ ನಿಯಮಿತ ಕೆಲಸವನ್ನೂ ಮಾಡಲಾರದವರಿಗೆ, ಹೆಚ್ಚಿನ ಮೊತ್ತದ ಎರಡನೆಯದು. ಅವರ ಪಿಂಚಣಿ ವಾರಕ್ಕೆ 205 ಪೌಂಡ್ ಎಂದಿಟ್ಟುಕೊಳ್ಳೋಣ. ದುಡಿಯುವಷ್ಟು ಕಾಲ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯನ್ನೂ ಕಟ್ಟಿದ್ದರಿಂದ, ಕೆಲಸಕ್ಕೆ ಅಶಕ್ತರಾದವರಿಗೆ ಸರ್ಕಾರ ಕೊಡುವ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋಯನ್ಸ್, ಅಂದರೆ ಇಎಸ್ಎ ಭತ್ಯೆಗೂ ಅವರು ಅರ್ಹರು. 2025-26ರಲ್ಲಿ ಇದು, ತೀವ್ರ ಅಶಕ್ತರಿಗೆ ಕೊಡುವ ಹೆಚ್ಚುವರಿಯೂ ಸೇರಿ, ವಾರಕ್ಕೆ 140.55 ಪೌಂಡ್.

ಆದರೆ ಆ ಹಣ ಪೂರ್ತಿ ಕೈಗೆ ಬರುವುದಿಲ್ಲ. ಪಿಂಚಣಿ ವಾರಕ್ಕೆ 85 ಪೌಂಡ್ ದಾಟಿದರೆ, ದಾಟಿದ ಮೊತ್ತದ ಅರ್ಧವನ್ನು ಭತ್ಯೆಯಲ್ಲಿ ಮುರಿದುಕೊಳ್ಳುತ್ತಾರೆ. ನಮ್ಮ ನರ್ಸ್‌ಗೆ ದಾಟಿದ್ದು 120, ಮುರಿಯುವುದು 60, ಉಳಿಯುವುದು 80.55. ಈ ದರದಲ್ಲಿ, ಪಿಂಚಣಿ ವಾರಕ್ಕೆ ಸುಮಾರು 366 ಪೌಂಡ್ ದಾಟಿದವರಿಗೆ ಭತ್ಯೆಯಲ್ಲಿ ಏನೂ ಉಳಿಯದು.

ಇದೇ ಸರ್ಕಾರ ಇದೇ ನರ್ಸ್‌ಗೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಅಥವಾ ಪಿಪ್ ಎಂಬ ಇನ್ನೊಂದು ಹಣ ಕೊಡುವಾಗ ಮಾತ್ರ ಪಿಂಚಣಿ ಎಷ್ಟೆಂದು ಕೇಳುವುದೇ ಇಲ್ಲ. ಅಡುಗೆ, ಸ್ನಾನ, ಉಡುಗೆ, ಓಡಾಟಗಳಲ್ಲಿ ಎಷ್ಟು ತೊಡಕಿದೆ ಎಂಬುದಕ್ಕೆ ಅಂಕ ಹಾಕುತ್ತಾರೆ. ಎಂಟು ಅಂಕ ಬಂದರೆ ಸಾಮಾನ್ಯ ದರ, ಹನ್ನೆರಡು ಬಂದರೆ ಹೆಚ್ಚಿನ ದರ. ಲಕ್ಷಾಧೀಶನಿಗೂ ಅದೇ ಅಳತೆ, ಬಡವನಿಗೂ ಅದೇ. ಮನೆಯ ಕೊರತೆ ನೋಡಿ ಕೊಡುವ ಯೂನಿವರ್ಸಲ್ ಕ್ರೆಡಿಟ್ ಎಂಬ ಮೂರನೆಯ ವ್ಯವಸ್ಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಪಿಂಚಣಿಯ ಪ್ರತಿ ಪೌಂಡಿಗೆ ಒಂದು ಪೌಂಡ್ ಕಡಿತ.

ಕಾಯಿಲೆ ಒಂದೇ, ಆದರೆ ಅದನ್ನು ಅಳೆಯುವ ಕೋಲು ಮೂರು. ಪಿಂಚಣಿ ಯೋಜನೆಯ ವೈದ್ಯರು ಇನ್ನು ಈ ಕೆಲಸ ಸಾಧ್ಯವೇ ಇಲ್ಲ ಎಂದು ಬರೆದುಕೊಟ್ಟ ವ್ಯಕ್ತಿಯನ್ನು, ಇಎಸ್ಎ ಭತ್ಯೆಯ ಪರೀಕ್ಷೆಯಲ್ಲಿ ಹದಿನೈದು ಅಂಕ ಬರಲಿಲ್ಲವೆಂದು ದುಡಿಯಲು ಸಮರ್ಥ ಎಂದು ಘೋಷಿಸಬಹುದು. ಕೆಲಸದಿಂದ ಬಿಡಿಸಿ ಕಳುಹಿಸಿದ ದೇಹಕ್ಕೇ ಕೆಲಸ ಹುಡುಕಿಕೋ ಎಂಬ ಕಾಗದ ಬಂದಾಗ ಆಗುವ ಗಾಯ ಹಣದ ಲೆಕ್ಕಕ್ಕೆ ಸಿಗುವುದಿಲ್ಲ.

ಕಡಿತವನ್ನು ಸಮರ್ಥಿಸುವವರ ವಾದವನ್ನು ನ್ಯಾಯವಾಗಿ ಕೇಳಬೇಕು. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಪರಿಹಾರ ಏಕೆ ಎಂಬುದು ಅವರ ಪ್ರಶ್ನೆ. ಸಂಬಳ ನಿಂತಿತು, ಪಿಂಚಣಿ ಅದರ ಒಂದು ಭಾಗವನ್ನು ತುಂಬಿತು. ಬೊಕ್ಕಸ ತುಂಬಬೇಕಾದದ್ದು ಉಳಿದ ಕೊರತೆಯನ್ನಷ್ಟೇ. ಹಾಗೆ ಉಳಿದ ಹಣ ಪಿಂಚಣಿಯೇ ಇಲ್ಲದ ಕೂಲಿಯವನ ಮನೆಗೆ ಹೋಗಲಿ. ಈ ಮಾತಿನಲ್ಲಿ ತೂಕವಿದೆ. ನಮ್ಮ ಶರಣ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬಾ ಎಂದವಳು ಅವನ ಮಡದಿ ಲಕ್ಕಮ್ಮ. ಬೇಕಾದಷ್ಟೇ ಸಾಕು ಎಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಗಟ್ಟಿಯಾದ ನಿದರ್ಶನ ಸಿಗುವುದು ಕಷ್ಟ. ಆದರೆ ಆ ಮಿತಿಯನ್ನು ಹಾಕಿಕೊಂಡವಳು ಲಕ್ಕಮ್ಮನೇ. ತನ್ನ ಒಲೆಗೆ ಎಷ್ಟು ಬೇಕೆಂದು ಬಲ್ಲವಳೂ ಅವಳೇ. ಆ ಒಲೆಯನ್ನು ಕಾಣದ ಕಚೇರಿಯೊಂದು ಹಾಕುವ ಮಿತಿಗೆ ಅವಳ ನೈತಿಕ ಬಲ ತಾನಾಗಿ ಬರುವುದಿಲ್ಲ. ಆ ಮಿತಿ ಸರಿಯೆಂದು ಕಾರಣ ಕೊಟ್ಟು ತೋರಿಸಬೇಕು.

ನ್ಯಾಯದ ಬಗೆಗಳನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಬೇರ್ಪಡಿಸಿದ್ದು ಇಲ್ಲಿ ನೆರವಿಗೆ ಬರುತ್ತದೆ. ಸಮಾಜದ ಸಂಪತ್ತನ್ನು ಯಾರಿಗೆಷ್ಟು ಹಂಚಬೇಕೆಂಬುದು ಒಂದು ನ್ಯಾಯ. ಒಬ್ಬರಿಂದ ಒಬ್ಬರಿಗೆ ಸಲ್ಲಬೇಕಾದದ್ದನ್ನು ಸರಿಪಡಿಸುವುದು ಇನ್ನೊಂದು. ನರ್ಸ್‌ನ ಪಿಂಚಣಿ ಎರಡನೆಯ ಬಗೆಗೆ ಹತ್ತಿರ. ಸಂಬಳದ ಒಂದು ಪಾಲನ್ನು ಅವರು ಪ್ರತಿ ತಿಂಗಳೂ ಬಿಟ್ಟುಕೊಟ್ಟಿದ್ದರು, ಅದು ಈಗ ಮರಳುತ್ತಿದೆ. ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯ ಭತ್ಯೆಯೂ ಬಹುಮಟ್ಟಿಗೆ ಹೀಗೆಯೇ. ಯೂನಿವರ್ಸಲ್ ಕ್ರೆಡಿಟ್ ಮಾತ್ರ ಕೊರತೆಯನ್ನು ನೋಡಿ ಹಂಚುವ ಹಣ. ಪಿಪ್ ಇವೆರಡಕ್ಕೂ ಸೇರದೆ, ಕುಂದಿದ ದೇಹ ಬಾಳಿನ ಮೇಲೆ ಹೊರಿಸುವ ಹೆಚ್ಚಿನ ಖರ್ಚಿಗೆ ಆಸರೆಯಾಗುತ್ತದೆ. ಹೋದ ಸಂಬಳ, ಮನೆಯ ಕೊರತೆ, ದೇಹದ ಖರ್ಚು: ನಷ್ಟಗಳು ಬೇರೆ ಬೇರೆ, ಅವಕ್ಕೆ ಸಿಗುವ ಉತ್ತರಗಳೂ ಬೇರೆ ಬೇರೆ. ಒಂದನ್ನು ಇನ್ನೊಂದರ ಲೆಕ್ಕಕ್ಕೆ ಜಮಾ ಮಾಡಿ ಕಳೆಯುವಲ್ಲಿ ಅನ್ಯಾಯ ಒಳಗೆ ನುಸುಳುತ್ತದೆ.

ದೇಹದ ಖರ್ಚು ಎಷ್ಟು ದೊಡ್ಡದೆಂದು ಅಮರ್ತ್ಯ ಸೇನ್ 2009ರ ತಮ್ಮ ‘ದಿ ಐಡಿಯಾ ಆಫ್ ಜಸ್ಟಿಸ್’ ಪುಸ್ತಕದಲ್ಲಿ ತೋರಿಸಿದ್ದಾರೆ. ವೀಬ್ಕೆ ಕುಕ್ಲಿಸ್ ಬ್ರಿಟನ್ನಿನ ಬಗ್ಗೆ ನಡೆಸಿದ ಸಂಶೋಧನೆಯ ಅಂಕಿಗಳನ್ನು ಅವರು ಮುಂದಿಡುತ್ತಾರೆ. ಒಟ್ಟು ಜನರಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಗಳಲ್ಲಿದ್ದವರು ಶೇ 17.9. ಅಂಗವಿಕಲ ಸದಸ್ಯರಿರುವ ಕುಟುಂಬಗಳಲ್ಲಿ ಅದು ಶೇ 23.1. ಅಂಗವೈಕಲ್ಯ ತರುವ ಹೆಚ್ಚುವರಿ ಖರ್ಚನ್ನೂ ಸೇರಿಸಿ ನೋಡಿದರೆ ಶೇ 47.4. ಗಳಿಕೆ ಕುಗ್ಗಿದ್ದು ಮೊದಲ ಪೆಟ್ಟಾದರೆ, ಗಳಿಸಿದ್ದು ಬದುಕಾಗಿ ಒದಗದಿರುವುದು ಅದಕ್ಕಿಂತ ದೊಡ್ಡ ಪೆಟ್ಟು. ಆರೋಗ್ಯವಂತನ ಇನ್ನೂರು ಪೌಂಡಿನಷ್ಟು ನಮ್ಮ ನರ್ಸ್‌ನ ಇನ್ನೂರು ಪೌಂಡ್ ಬಾಳುವುದಿಲ್ಲ. ಟ್ಯಾಕ್ಸಿ, ಮನೆಯನ್ನು ಹೆಚ್ಚು ಬೆಚ್ಚಗಿಡುವ ಖರ್ಚು, ಸಹಾಯಕರ ಕೂಲಿ ಅದರೊಳಗಿಂದಲೇ ಹೋಗಬೇಕು. ಪಿಪ್‌ಗೆ ಪಿಂಚಣಿಯನ್ನು ತಳುಕು ಹಾಕದಿರುವುದು ಈ ಕಾರಣಕ್ಕೆ ಸರಿ, ಅದು ಹಾಗೆಯೇ ಉಳಿಯಬೇಕು.

85 ಪೌಂಡಿನ ಗೆರೆಯ ಕಥೆ ಬೇರೆ. 1942ರ ಡಿಸೆಂಬರಿನಲ್ಲಿ ವಿಲಿಯಂ ಬೆವರಿಜ್ ಮುಂದಿಟ್ಟ ವರದಿಯ ಮೇಲೆ ಬ್ರಿಟನ್ನಿನ ಸಾಮಾಜಿಕ ವಿಮೆ ನಿಂತಿತು. 1948ರ ಜುಲೈ 5ರಂದು ಜಾರಿಗೆ ಬಂತು. ಎಲ್ಲರೂ ವಂತಿಗೆ ಕಟ್ಟಲಿ, ಕಷ್ಟ ಬಂದಾಗ ಆಸ್ತಿಪಾಸ್ತಿ ಕೇಳದೆ ಹಣ ಸಿಗಲಿ, ಅದರ ಮೇಲೆ ಯಾರಾದರೂ ಸ್ವಂತವಾಗಿ ಇನ್ನಷ್ಟು ಕೂಡಿಟ್ಟುಕೊಂಡರೆ ಸರ್ಕಾರ ಅದಕ್ಕೆ ಅಡ್ಡಿಯಾಗದಿರಲಿ ಎಂಬುದು ಅವರ ಆಶಯ. 2001ರ ಏಪ್ರಿಲ್‌ನಲ್ಲಿ, ಅಂದಿದ್ದ ಇನ್‌ಕೆಪಾಸಿಟಿ ಬೆನಿಫಿಟ್‌ನ ಹೊಸ ಅರ್ಜಿದಾರರಿಗೆ 85 ಪೌಂಡಿನ ನಿಯಮ ಬಂದಾಗ ಈ ಆಶಯದಿಂದ ಸರ್ಕಾರ ಪಕ್ಕಕ್ಕೆ ಸರಿಯಿತು. 2008ರ ಅಕ್ಟೋಬರಿನಲ್ಲಿ ಆ ಭತ್ಯೆ ಹೋಗಿ ಇಎಸ್ಎ ಬಂತು. ಹೆಸರು ಬದಲಾಯಿತು, ಪರೀಕ್ಷೆ ಬದಲಾಯಿತು, ದರಗಳು ಬದಲಾದವು. 85 ಮಾತ್ರ ಅಲುಗಲಿಲ್ಲ. ಕಾಲು ಶತಮಾನದ ಬೆಲೆ ಏರಿಕೆಯಲ್ಲಿ ಆ ಅಂಕಿ ಪ್ರತಿ ವರ್ಷವೂ ಸದ್ದಿಲ್ಲದೆ ಸವೆದಿದೆ. ಇದನ್ನು ಸವೆಸಬೇಕೋ ಬೇಡವೋ ಎಂದು ಸಂಸತ್ತು ವರ್ಷವರ್ಷ ಮತ ಹಾಕಿದ್ದರೆ ಅದನ್ನು ನೀತಿ ಎನ್ನಬಹುದಿತ್ತು. ಮರೆವಿನಿಂದ ಆಗುವ ಕಡಿತಕ್ಕೆ ಸಮರ್ಥನೆ ಕೊಡಬೇಕಾದವರೇ ಇಲ್ಲ.

2012ರ ಮೇ 1ರಂದು ಇನ್ನೊಂದು ಬದಲಾವಣೆ ಆಯಿತು. ಮುಂದೊಂದು ದಿನ ಕೆಲಸಕ್ಕೆ ಮರಳಬಹುದು ಎಂಬ ಗುಂಪಿಗೆ ಸೇರಿದವರ ವಂತಿಗೆ ಆಧಾರಿತ ಇಎಸ್ಎಗೆ 365 ದಿನಗಳ ಗಡುವು ಬಿತ್ತು. ಗಡುವು ಮುಗಿದಮೇಲೆ ಆದಾಯ ನೋಡಿ ಕೊಡುವ ನೆರವಿಗೆ ಅರ್ಜಿ ಹಾಕಬಹುದಿತ್ತು. ಆದರೆ ಪಿಂಚಣಿ ಬರುತ್ತಿದ್ದವರಿಗೆ, ಸಂಗಾತಿ ದುಡಿಯುತ್ತಿದ್ದವರಿಗೆ ಆ ಬಾಗಿಲು ಬಹುಪಾಲು ಮುಚ್ಚಿತ್ತು. ಮೂವತ್ತು ವರ್ಷ ಕಟ್ಟಿದ ವಂತಿಗೆಗೆ ಒಂದು ವರ್ಷದ ಭತ್ಯೆ!

ಯೂನಿವರ್ಸಲ್ ಕ್ರೆಡಿಟ್‌ನ ಲೆಕ್ಕವಂತೂ ಇನ್ನೂ ಬೆರಗು ಹುಟ್ಟಿಸುತ್ತದೆ. ಕಾಯಿಲೆಯ ಕಾರಣಕ್ಕೆ ಕೆಲಸದ ಸಾಮರ್ಥ್ಯ ಸೀಮಿತವೆಂದು ಒಪ್ಪಿಕೊಂಡ ಒಬ್ಬರು, ಮನೆ ಬಾಡಿಗೆಯ ನೆರವನ್ನೂ ಪಡೆಯುತ್ತ, ತಿಂಗಳಿಗೆ 500 ಪೌಂಡ್ ದುಡಿದರು ಎನ್ನಿ. 2025-26ರ ನಿಯಮದಂತೆ ಮೊದಲ 411 ಪೌಂಡಿಗೆ ಕಡಿತವಿಲ್ಲ, ಉಳಿದದ್ದಕ್ಕೆ ಪೌಂಡಿಗೆ 55 ಪೆನ್ಸ್. ನೆರವಿನಲ್ಲಿ ಕಡಿಮೆಯಾಗುವುದು ಸುಮಾರು 49 ಪೌಂಡ್. ಅದೇ 500 ಪೌಂಡ್ ಅನಾರೋಗ್ಯ ಪಿಂಚಣಿಯಾಗಿ ಬಂದರೆ ಪೂರ್ತಿ 500 ಪೌಂಡ್ ಕಡಿತ. ಇಂದು ದುಡಿದದ್ದಕ್ಕೆ ಇರುವ ಮರ್ಯಾದೆ ನಿನ್ನೆ ದುಡಿದದ್ದಕ್ಕೆ ಇಲ್ಲ. ದುಡಿಮೆಗೆ ಪ್ರೋತ್ಸಾಹ ಬೇಕೆಂಬ ಕಾರಣ ಕೊಡಬಹುದು. ಆದರೆ ದುಡಿಯಲಾರದ ವ್ಯಕ್ತಿಯನ್ನು ಯಾವ ದುಡಿಮೆಗೆ ಪ್ರೋತ್ಸಾಹಿಸುವುದು? ನಿವೃತ್ತಿಯ ಹೊತ್ತಿನಲ್ಲಿ ಪಿಂಚಣಿಯ ಒಂದು ಭಾಗವನ್ನು ಇಡಿಗಂಟಾಗಿ ಪಡೆದವರಿಗೆ ಮತ್ತೊಂದು ಅಪಾಯ ಕಾದಿದೆ. ಉಳಿತಾಯ 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಹಕ್ಕೇ ಇಲ್ಲವಾಗುತ್ತದೆ.

ನಿಯಮಗಳು ಬದಲಾಗುವ ಹೊತ್ತಿನಲ್ಲಿ ಕೊಟ್ಟ ಮಾತಿನ ಪ್ರಶ್ನೆಯೂ ಏಳುತ್ತದೆ. ಆದಾಯ ಆಧಾರಿತ ಇಎಸ್ಎ ಪಡೆಯುತ್ತಿದ್ದವರನ್ನು ಸರ್ಕಾರ ನೋಟಿಸ್ ಕಳುಹಿಸಿ ಯೂನಿವರ್ಸಲ್ ಕ್ರೆಡಿಟ್‌ಗೆ ವರ್ಗಾಯಿಸುತ್ತ ಬಂದಿದೆ. ವಂತಿಗೆ ಆಧಾರಿತ ಇಎಸ್ಎ ಮಾತ್ರ ಪಡೆಯುವವರಿಗೆ ಈ ವರ್ಗಾವಣೆ ಇಲ್ಲ. ನೋಟಿಸ್ ಬಂದು, ಗಡುವಿನೊಳಗೆ ಅರ್ಜಿ ಹಾಕಿದವರ ಮೊತ್ತ ಕುಸಿಯದಂತೆ ಒಂದು ರಕ್ಷಣಾ ಮೊತ್ತ ಸೇರಿಸುತ್ತಾರೆ. ಉಳಿದ ಅಂಶಗಳು ಏರಿದಂತೆ ಅದು ಕರಗುತ್ತದೆ. ನೋಟಿಸ್‌ಗೆ ಮುನ್ನವೇ ಪರಿಸ್ಥಿತಿ ಬದಲಾಗಿ ದಾಟಿದವರಿಗೆ ಸಾಮಾನ್ಯವಾಗಿ ಆ ರಕ್ಷಣೆ ಸಿಗುವುದಿಲ್ಲ. 2025ರ ಯೂನಿವರ್ಸಲ್ ಕ್ರೆಡಿಟ್ ಕಾಯ್ದೆ 2026ರ ಏಪ್ರಿಲ್‌ನಿಂದ ಹೊಸಬರಿಗೆ ಕಾಯಿಲೆಯ ಕಾರಣಕ್ಕೆ ಸೇರಿಸಿ ಕೊಡುವ ಆರೋಗ್ಯ ಅಂಶವನ್ನು, ತೀರಾ ತೀವ್ರ ಸ್ಥಿತಿಯವರನ್ನೂ ಬದುಕಿನ ಕೊನೆಯ ಹಂತದಲ್ಲಿರುವವರನ್ನೂ ಬಿಟ್ಟು, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಹಳೆಯ ನಿಯಮ ನಂಬಿ ಬದುಕು ಕಟ್ಟಿಕೊಂಡವರಿಗೆ ಸರ್ಕಾರ ಋಣಿ ಎಂಬುದನ್ನು ರಕ್ಷಣಾ ಮೊತ್ತವೇ ಒಪ್ಪಿಕೊಳ್ಳುತ್ತದೆ. ಆದರೆ ಆ ಋಣ ನೋಟಿಸ್ ಬಂದ ತಾರೀಖಿನ ಮೇಲೆ, ಕಾಯಿಲೆ ಬಿದ್ದ ತಿಂಗಳಿನ ಮೇಲೆ ನಿಲ್ಲುವುದಾದರೆ, ನ್ಯಾಯಕ್ಕಿಂತ ಅದೃಷ್ಟವೇ ದೊಡ್ಡದಾಗುತ್ತದೆ.

ಬ್ರಿಟನ್ನಿನ ಆಸ್ಪತ್ರೆಗಳಲ್ಲೂ ಕಂಪನಿಗಳಲ್ಲೂ ದುಡಿಯುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ವೀಸಾ ಮೇಲೆ ಇರುವವರಿಗೆ ಸಾಮಾನ್ಯವಾಗಿ ಸಾರ್ವಜನಿಕ ನಿಧಿಯ ನೆರವು ನಿಷಿದ್ಧ. ಯೂನಿವರ್ಸಲ್ ಕ್ರೆಡಿಟ್ಟೂ ಪಿಪ್ಪೂ ಆ ನಿಷೇಧದೊಳಗೆ ಬರುತ್ತವೆ. ವಂತಿಗೆ ಆಧಾರಿತ ಇಎಸ್ಎ ಬರುವುದಿಲ್ಲ, ಏಕೆಂದರೆ ಅದು ಕಟ್ಟಿದ ಹಣದಿಂದ ಹುಟ್ಟಿದ ಹಕ್ಕು. ಪರದೇಶಿಯೂ ಕೇಳಬಹುದಾದಷ್ಟು ಗಟ್ಟಿ ಹಕ್ಕು ಎಂದು ವಲಸೆ ಕಾನೂನು ಮನ್ನಿಸುವುದನ್ನೇ ಭತ್ಯೆಯ ಕಾನೂನು 85 ಪೌಂಡಿನ ಗೆರೆಯಲ್ಲಿ ಅರ್ಧಕ್ಕೆ ಕತ್ತರಿಸುತ್ತದೆ.

ಭಾರತದ ಸುಪ್ರೀಂ ಕೋರ್ಟ್ ಇದಕ್ಕೆ ಹತ್ತಿರದ ಪ್ರಶ್ನೆಗೆ ನೇರವಾಗಿ ಉತ್ತರಿಸಿದೆ. ಪಿಂಚಣಿ ಒಡೆಯನ ಕೃಪೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು 1982ರ ನಕಾರಾ ಪ್ರಕರಣದಲ್ಲಿ ಅದು ಹೇಳಿತು. 2003ರಲ್ಲಿ, ಕರ್ತವ್ಯದಲ್ಲಿ ಗಾಯಗೊಂಡು ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಒಬ್ಬರ ಮೊಕದ್ದಮೆ ಬಂತು. ಅವರಿಗೆ ಅಶಕ್ತತೆಯ ಪಿಂಚಣಿ ಕೊಟ್ಟಾಗಿದೆ, ಆದ್ದರಿಂದ 1995ರ ಅಂಗವಿಕಲರ ಕಾಯ್ದೆಯ 47ನೇ ಕಲಮಿನ ಉದ್ಯೋಗ ರಕ್ಷಣೆ ಸಲ್ಲದು ಎಂದು ಇಲಾಖೆ ವಾದಿಸಿತು. ರಾಯಚೂರು ಸೀಮೆಯವರಾದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಇದ್ದ ಪೀಠ ಅದನ್ನು ಒಪ್ಪಲಿಲ್ಲ. ಪಿಂಚಣಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಆ ರಕ್ಷಣೆಯನ್ನು ಕಿತ್ತುಕೊಳ್ಳಲಾಗದು ಎಂದಿತು. ಅಲ್ಲಿನ ಪ್ರಶ್ನೆ ಭತ್ಯೆಯದಲ್ಲ, ಉದ್ಯೋಗದ್ದು. ಆದರೂ ಒಂದು ಹಕ್ಕನ್ನು ತೋರಿಸಿ ಇನ್ನೊಂದನ್ನು ಅಳಿಸಬಾರದೆಂಬ ತತ್ವ ಎರಡೂ ಕಡೆ ಒಂದೇ.

ಬ್ರಿಟನ್ನಿನ ಮುಂದೆ ಈಗ ಮಾಡಬಹುದಾದ ಕೆಲಸಗಳಿವೆ. ಉಳಿದ ಭತ್ಯೆಗಳ ದರ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕರಣೆಯಾಗುವಾಗ 85 ಪೌಂಡಿನ ಗೆರೆಯೂ ಆ ಪಟ್ಟಿಗೆ ಸೇರಬೇಕು, ಸವೆದುಹೋದ ವರ್ಷಗಳ ಬಾಕಿಯನ್ನೂ ಅದಕ್ಕೆ ತುಂಬಬೇಕು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಅನಾರೋಗ್ಯ ಪಿಂಚಣಿಗೆ ಕನಿಷ್ಠ ಸಂಬಳಕ್ಕಿರುವಷ್ಟಾದರೂ ರಿಯಾಯಿತಿ ಸಿಗಬೇಕು. ಪಿಂಚಣಿಯ ವೈದ್ಯಕೀಯ ವರದಿಯನ್ನು ಭತ್ಯೆಯ ಪರೀಕ್ಷಕರು ಓದಿ, ಒಪ್ಪದಿದ್ದರೆ ಏಕೆಂದು ಬರೆಯಬೇಕು. ಮತ್ತು ನಿವೃತ್ತಿಯ ಅರ್ಜಿಗೆ ಸಹಿ ಹಾಕುವ ಮುನ್ನವೇ, ಇಡಿಗಂಟು ಎಷ್ಟು ತೆಗೆದುಕೊಂಡರೆ ಯಾವ ಭತ್ಯೆ ಎಷ್ಟು ಕುಸಿಯುತ್ತದೆ ಎಂಬ ಲೆಕ್ಕವನ್ನು ಕಾಯಿಲೆಯವರ ಕೈಗೆ ಬರಹದಲ್ಲಿ ಕೊಡುವ ಹೊಣೆ ಪಿಂಚಣಿ ಯೋಜನೆಗಳ ಮೇಲೆ ಬೀಳಬೇಕು.