ಫಾರ್ಮ್‌ವಿಲ್ಲಿನ ಮಕ್ಕಳ ಪರವಾಗಿ

ದೇವರೇ, ಅಮೆರಿಕದ ವರ್ಜೀನಿಯಾದ ಫಾರ್ಮ್‌ವಿಲ್ ಊರಿನ ಮೋಟನ್ ಹೈಸ್ಕೂಲನ್ನು ನೀನು ಬಲ್ಲೆ. ಕಪ್ಪು ಜನರ ಮಕ್ಕಳಿಗೆಂದೇ 1939ರಲ್ಲಿ ಕಟ್ಟಿದ್ದು. 180 ಮಕ್ಕಳಿಗೆ ಸಾಲುವ ಆ ಕಟ್ಟಡದಲ್ಲಿ 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೊಸ ಕಟ್ಟಡ ಕೊಡಿ ಎಂದರೆ ಪ್ರಿನ್ಸ್ ಎಡ್ವರ್ಡ್ ಕೌಂಟಿಯವರು ಕೊಟ್ಟದ್ದು ಡಾಂಬರು ಕಾಗದ ಹೊದಿಸಿದ ಮರದ ಶೆಡ್ಡುಗಳು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರಿಗೆ ಸೆಕೆ, ದೂರ ಕೂತವರಿಗೆ ನಡುಕ. ಮಳೆ ಬಂದರೆ ಮಾಡು ಸೋರುತ್ತಿತ್ತು. ಬೇರೆಯಾಗಿದ್ದರೂ ಸಮಾನವಾಗಿರಲಿ ಎಂಬುದು ಆಗಿನ ಕಾನೂನು. ಅದರಲ್ಲಿ ‘ಬೇರೆ’ ಎಂಬಷ್ಟನ್ನು ಮಾತ್ರ ಅವರು ಚಾಚೂತಪ್ಪದೆ ಪಾಲಿಸಿದರು.

ಆ ಏಪ್ರಿಲ್ 23ರಂದು ಅದೇ ಶಾಲೆಯ ಹದಿನಾರರ ಹುಡುಗಿ ಬಾರ್ಬರಾ ಜಾನ್ಸ್‌ಗೆ ಧೈರ್ಯ ಕೊಟ್ಟವನು ನೀನೇ ಎಂದು ನಂಬುತ್ತೇನೆ. ಹುಡುಗರು ಸುಳ್ಳು ಫೋನ್ ಮಾಡಿಸಿ ಪ್ರಿನ್ಸಿಪಾಲರನ್ನು ಊರೊಳಕ್ಕೆ ಕಳಿಸಿದರು. ಅತ್ತ ಅವರು ಹೋಗುತ್ತಲೇ ಇತ್ತ ಇಡೀ ಶಾಲೆ ಸಭಾಂಗಣದಲ್ಲಿ ಸೇರಿತು. ವೇದಿಕೆ ಹತ್ತಿದವಳು ಬಾರ್ಬರಾ. ಅಂದೇ ಮುಷ್ಕರ ಶುರುವಾಯಿತು. ಆ ಫೋನಿನ ಸುಳ್ಳನ್ನು ಮಕ್ಕಳ ಪಾಪದ ಲೆಕ್ಕಕ್ಕೆ ಹಚ್ಚಬೇಡಪ್ಪ. ದೊಡ್ಡವರು ವರ್ಷಗಟ್ಟಲೆ ಹೇಳಿದ ಸುಳ್ಳಿನ ಮುಂದೆ ಅದೆಷ್ಟರದು!

ಮಕ್ಕಳು ಕೇಳಿದ್ದು ಒಳ್ಳೆಯ ಕಟ್ಟಡವನ್ನಷ್ಟೇ. ವಕೀಲರಾದ ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್‌ಸನ್ ಬಂದು, ಬೇರೆ ಶಾಲೆಯ ಪದ್ಧತಿಯೇ ಬೇಡ ಎನ್ನುವುದಾದರೆ ಮಾತ್ರ ಕೇಸು ಹಿಡಿಯುತ್ತೇವೆ ಎಂದರು. ಮಕ್ಕಳೂ ಹೆತ್ತವರೂ ಹೂಂ ಎಂದರು. ಆ ಕೇಸು ಬೇರೆ ಶಾಲೆಯ ಪದ್ಧತಿಯನ್ನೇ ಪ್ರಶ್ನಿಸಿದ ಬ್ರೌನ್ ಮೊಕದ್ದಮೆಯೊಳಗೆ ಸೇರಿ, 1954ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು.

ಗೆದ್ದ ಮೇಲೆ ಆದದ್ದನ್ನು ಹೇಳಲೆಂದೇ ನಾನು ಕೈಮುಗಿದು ನಿಂತಿದ್ದೇನೆ. ಮಕ್ಕಳನ್ನು ಒಟ್ಟಿಗೆ ಕೂರಿಸಬೇಕಾಗಿ ಬಂದಾಗ, 1959ರಲ್ಲಿ, ಪ್ರಿನ್ಸ್ ಎಡ್ವರ್ಡ್ ಕೌಂಟಿ ತನ್ನ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಜಡಿಯಿತು. ಬಿಳಿಯರು ತಮ್ಮ ಮಕ್ಕಳಿಗೆ ಖಾಸಗಿ ಅಕಾಡೆಮಿ ತೆರೆದರು. ಕಪ್ಪು ಮಕ್ಕಳಲ್ಲಿ ಕೆಲವರನ್ನು ಹೆತ್ತವರು ದೂರದ ನೆಂಟರ ಮನೆಗೆ ಕಳಿಸಿದರು, ಕೆಲವರು ಚರ್ಚಿನ ನೆಲಮಾಳಿಗೆಯಲ್ಲಿ ಅಷ್ಟಿಷ್ಟು ಕಲಿತರು, ಎಷ್ಟೋ ಮಂದಿ ದುಡಿಮೆಗೆ ಇಳಿದರು. ದೇಣಿಗೆಯಿಂದ ನಡೆದ ಉಚಿತ ಶಾಲೆ ಬಂದದ್ದು 1963ರಲ್ಲಿ. ಕೋರ್ಟು ಬೀಗ ತೆಗೆಸಿದ್ದು 1964ರಲ್ಲಿ. ಅಷ್ಟರಲ್ಲಿ ಹತ್ತರ ಹುಡುಗ ಹದಿನೈದಕ್ಕೆ ಬಂದಿದ್ದ. ಅವನು ಯಾವ ತರಗತಿಯಲ್ಲಿ ಕೂರಬೇಕು, ತಂದೆ?

ಕೌಂಟಿಯನ್ನು ಕ್ಷಮಿಸು ಎಂದು ಬೇಡಲು ನನಗೆ ಹಕ್ಕಿಲ್ಲ, ಕಳೆದುಕೊಂಡವರು ಬೇರೆ. ನನ್ನ ಬೇಡಿಕೆ ಚಿಕ್ಕದು. ಬ್ರೌನ್ ತೀರ್ಪಿನ ಪಾಠ ಮಾಡುವ ಮೇಷ್ಟ್ರುಗಳಿಗೆ, 1954ಕ್ಕೇ ಪುಸ್ತಕ ಮುಚ್ಚದೆ, 1964ರವರೆಗೂ ಓದಿಸುವ ಬುದ್ಧಿ ಕೊಡು.